ಹೊಟ್ಟೆ ಕೆಟ್ಟವರ ತಟ್ಟೆಗೆ ರೊಟ್ಟಿ, ಬ್ಯಾಳಿ ಮರಳಿ ಬರುವುದು ಹೇಗೆ? ಡಯಟೀಷಿಯನ್ ಮಾಡುವ ಕೆಲಸದ ಬಗ್ಗೆ

ಕಲಬುರಗಿ ಕಡೆ ಯಾರಿಗಾದರೂ ಹೊಟ್ಟೆಯ ತೊಂದರೆ ಶುರುವಾದರೆ ಮೊದಲು ನಡೆಯುವುದು ಬಿಡಿಸುವ ಕೆಲಸ. ಬದನೆಕಾಯಿ ವಾಯು, ಬಿಡು. ತೊಗರಿ ಬೇಳೆ ಪಿತ್ತ, ಬಿಡು. ಶೇಂಗಾ ಬಿಡು, ಖಾರ ಬಿಡು, ಎಣ್ಣೆ ಬಿಡು. ಜೋಳದ ರೊಟ್ಟಿ ಗಟ್ಟಿ, ಅದನ್ನೂ ಬಿಡು. ಒಂದನ್ನು ಮನೆಯ ಹಿರಿಯರು ಹೇಳಿರುತ್ತಾರೆ, ಇನ್ನೊಂದನ್ನು ಪಕ್ಕದ ಮನೆಯವರು, ಮತ್ತೊಂದನ್ನು ಮೊಬೈಲಿನ ವಿಡಿಯೋ. ಕೆಲವೇ ತಿಂಗಳಲ್ಲಿ ತಟ್ಟೆಯಲ್ಲಿ ಉಳಿಯುವುದು ಮೊಸರನ್ನ ಮತ್ತು ಬ್ರೆಡ್ಡು ಮಾತ್ರ. ಹೊಟ್ಟೆಯ ನೋವು ಹಾಗೇ ಇರುತ್ತದೆ. ತೂಕ ಇಳಿದಿರುತ್ತದೆ.

ಡಯಟೀಷಿಯನ್ ಹತ್ತಿರ ಹೋಗಿ ಅಂದರೆ ಜನ ಹಿಂಜರಿಯುವುದೂ ಇದೇ ಕಾರಣಕ್ಕೆ. ಅವರೂ ಇನ್ನೊಂದಿಷ್ಟು ಬಿಡಿಸುತ್ತಾರೆ ಅನ್ನುವ ಭಯ. ಆದರೆ ಒಳ್ಳೆಯ ಆಹಾರ ತಜ್ಞರ ಕೆಲಸ ಹೆಚ್ಚು ಕಡಿಮೆ ಇದಕ್ಕೆ ಉಲ್ಟಾ. ಯಾವ ಆಹಾರದ ಮೇಲಿನ ಅನುಮಾನ ನಿಜ, ಯಾವುದು ಸುಮ್ನೆ ಹೊರಿಸಿದ್ದು ಅಂತ ಹುಡುಕಿ, ಎಷ್ಟು ಸಾಧ್ಯವೋ ಅಷ್ಟನ್ನು ತಟ್ಟೆಗೆ ವಾಪಸ್ ತರುವುದು ಅವರ ಮುಖ್ಯ ಕೆಲಸ. ಅದು ಹೇಗೆ ನಡೆಯುತ್ತದೆ ಅಂತ ನಮ್ಮ ಊಟವನ್ನೇ ಇಟ್ಟುಕೊಂಡು ನೋಡೋಣ.

ಯಾರು ಯಾವ ಕೆಲಸ ಮಾಡುತ್ತಾರೆ?

ರೋಗ ಯಾವುದು ಅಂತ ಹೇಳುವುದು ವೈದ್ಯರ ಕೆಲಸ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ, ಔಷಧಿ, ಆಪರೇಷನ್ ಎಲ್ಲ ಅವರಿಗೆ ಸೇರಿದ್ದು. ರೋಗದ ಹೆಸರು ಗೊತ್ತಾದ ಮೇಲೆ ಊಟದ ವಿಚಾರ ಬರುತ್ತದೆ. ಏನು, ಎಷ್ಟು, ಯಾವಾಗ, ಯಾವ ರೂಪದಲ್ಲಿ ತಿನ್ನಬೇಕು, ಸಾಕಷ್ಟು ಪ್ರೋಟೀನ್ ಮತ್ತು ವಿಟಮಿನ್ ಸಿಗುತ್ತಿದೆಯಾ ಅನ್ನುವುದನ್ನು ಲೆಕ್ಕ ಹಾಕುವವರು ಡಯಟೀಷಿಯನ್. ಈ ಕ್ರಮ ತಿರುಗುಮುರುಗು ಆಗಬಾರದು. ರೋಗ ಗೊತ್ತಾಗುವ ಮುಂಚೆಯೇ ಊಟ ಬದಲಿಸಿದರೆ ಕೆಲವು ಪರೀಕ್ಷೆಗಳೇ ತಪ್ಪು ಉತ್ತರ ಕೊಡುತ್ತವೆ. ಅದನ್ನು ಗೋಧಿಯ ವಿಚಾರದಲ್ಲಿ ಮುಂದೆ ಹೇಳುತ್ತೇನೆ.

ಇನ್ನೊಂದು ಮಾತು. ವಾರಗಟ್ಟಲೆಯ ಆನ್‌ಲೈನ್ ಕೋರ್ಸ್ ಮಾಡಿ 'ನ್ಯೂಟ್ರಿಷನಿಸ್ಟ್' ಅಂತ ಬೋರ್ಡು ಹಾಕಿಕೊಂಡವರು ಈಗ ಜಾಸ್ತಿ ಆಗಿದ್ದಾರೆ. ಹೊಟ್ಟೆಯ ಕಾಯಿಲೆ ಇದ್ದವರು ಅವರ ಓದು ಏನು ಅಂತ ಧೈರ್ಯವಾಗಿ ಕೇಳಬೇಕು. ಆಹಾರ ಮತ್ತು ಪೌಷ್ಟಿಕತೆ ಅಥವಾ ಡಯಟೆಟಿಕ್ಸ್‌ನಲ್ಲಿ ಪದವಿ, ಸ್ನಾತಕೋತ್ತರ ಪದವಿ ಇರಬೇಕು. ಆಸ್ಪತ್ರೆಯಲ್ಲಿ ತರಬೇತಿ ಆಗಿರಬೇಕು. ಭಾರತೀಯ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆ ಪಾಸಾದವರ ಹೆಸರಿನ ಮುಂದೆ 'ಆರ್‌.ಡಿ.' (ರಿಜಿಸ್ಟರ್ಡ್ ಡಯಟೀಷಿಯನ್) ಅಂತ ಇರುತ್ತದೆ. 2021ರಲ್ಲಿ ಬಂದ ರಾಷ್ಟ್ರೀಯ ಕಾಯ್ದೆಯೊಂದು ಫಿಸಿಯೋಥೆರಪಿಯಂಥ ವೃತ್ತಿಗಳ ಜೊತೆ ಡಯಟೀಷಿಯನ್ ವೃತ್ತಿಯನ್ನೂ ಕಾನೂನಿನ ವ್ಯಾಪ್ತಿಗೆ ತಂದಿದೆ. ಪೌಡರ್ ಡಬ್ಬಿ ಮಾರುವುದನ್ನೇ ಸಲಹೆ ಅಂತ ಕೊಡುವವರಿಂದ ದೂರ ಇರಿ. ಇದನ್ನು ನಾನು ಮೆದುವಾಗಿ ಹೇಳಲಾರೆ.

ಮೊದಲ ಭೇಟಿ

"ಏನು ತಿಂತೀರಿ?" ಅಂತ ಕೇಳಿದರೆ ನಮ್ಮ ಕಡೆಯವರ ಉತ್ತರ ಒಂದೇ: "ಎಲ್ಲಾರಂಗೇ ತಿಂತೀನ್ರಿ ಮೇಡಂ. ರೊಟ್ಟಿ, ಬ್ಯಾಳಿ." ಇಷ್ಟರಲ್ಲಿ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಆಹಾರ ತಜ್ಞರು ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಬಾಯಿಗೆ ಹೋದದ್ದನ್ನೆಲ್ಲ ಒಂದೊಂದಾಗಿ ಕೇಳುತ್ತಾರೆ. ಖಾಲಿ ಹೊಟ್ಟೆಗೆ ಎಷ್ಟು ಚಾ? ಅದರ ಜೊತೆ ಟೋಸ್ಟ್ ಇತ್ತಾ? ಬೆಳಿಗ್ಗೆ ಸುಸಲಾ ಜೊತೆ ಮಿರ್ಚಿ ಎಷ್ಟು? ರೊಟ್ಟಿ ಬಿಸಿಯದೋ, ಖಡಕ್ಕೋ? ಬೇಳೆಗೆ ಈರುಳ್ಳಿ, ಬೆಳ್ಳುಳ್ಳಿ ಎಷ್ಟು ಬಿತ್ತು? ಹೊಲದಲ್ಲಿ ಊಟ ಎಷ್ಟು ಗಂಟೆಗೆ? ನೀರು ಎಷ್ಟು ಕುಡಿದಿರಿ? ಗುಟ್ಕಾ, ತಂಬಾಕು, ಕುಡಿತ ಇದೆಯಾ?

ಕೇಳಲು ನಾಚಿಕೆ ಅನಿಸುವ ಪ್ರಶ್ನೆಗಳೂ ಇರುತ್ತವೆ. ಮಲ ಹೇಗಿದೆ ಅನ್ನುವುದು ಅವುಗಳಲ್ಲಿ ಮುಖ್ಯವಾದದ್ದು. ಇದಕ್ಕೆ ಬ್ರಿಸ್ಟಲ್ ಚಾರ್ಟ್ ಅಂತ ಒಂದು ಚಿತ್ರಪಟವೇ ಇದೆ. ಗಟ್ಟಿ ಹಿಕ್ಕೆಯಿಂದ ಹಿಡಿದು ಬರೀ ನೀರಿನವರೆಗೆ 7 ಬಗೆ ಅದರಲ್ಲಿವೆ. ಬಾಯಲ್ಲಿ ಹೇಳಲು ಸಂಕೋಚವಾದರೆ ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದರೆ ಸಾಕು. 'ಮಲಬದ್ಧತೆ' ಅಂತ ಬಂದ ಎಷ್ಟೋ ಜನರ ತೊಂದರೆ ಬೇರೆಯೇ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ತೂಕದ ಲೆಕ್ಕವೂ ಆಗುತ್ತದೆ. ಪ್ರಯತ್ನ ಪಡದೆ ಆರು ತಿಂಗಳಲ್ಲಿ ತೂಕದ ನೂರಕ್ಕೆ 5 ಭಾಗ ಇಳಿದಿದ್ದರೆ ಅದು ಗಂಭೀರ ವಿಷಯ. 60 ಕಿಲೋ ಇದ್ದವರಿಗೆ ಅದು 3 ಕಿಲೋ. ಹಳೆಯ ತೂಕ ಗೊತ್ತಿಲ್ಲದಿದ್ದರೆ ಬ್ಲೌಸು ಸಡಿಲ ಆಗಿದೆಯಾ, ಬೆಲ್ಟಿಗೆ ಹೊಸ ತೂತು ಬಿತ್ತಾ ಅಂತ ಕೇಳಿ ಅಂದಾಜು ಮಾಡುತ್ತಾರೆ.

ತೊಗರಿ ತಪ್ಪಿತಸ್ಥನಾ?

ಈಗ ನಮ್ಮ ಊರಿನ ದೊಡ್ಡ ಪ್ರಶ್ನೆಗೆ ಬರೋಣ. ಕಲಬುರಗಿ ತೊಗರಿಯ ನಾಡು. 2019ರಲ್ಲಿ 'ಗುಲಬರ್ಗಾ ತೊಗರಿ ಬೇಳೆ'ಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ದಿನಕ್ಕೆರಡು ಸಲ ಬೇಳೆ ಇಲ್ಲದೆ ಇಲ್ಲಿ ಊಟ ಇಲ್ಲ. ಇಂಥ ಕಡೆ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಇದ್ದವರಿಗೆ ಬೇಳೆ ಬಿಡಿ ಅಂದರೆ ಅವರ ಮುಖ್ಯ ಪ್ರೋಟೀನನ್ನೇ ಕಿತ್ತುಕೊಂಡ ಹಾಗೆ.

ಐಬಿಎಸ್ ಅಂದರೆ ಏನು? ಹೊಟ್ಟೆ ನೋವು ಪದೇ ಪದೇ ಬರುತ್ತದೆ. ಅದರ ಜೊತೆ ಭೇದಿ ಅಥವಾ ಮಲಬದ್ಧತೆ, ಇಲ್ಲವೇ ಎರಡೂ. ಹೊಟ್ಟೆ ಉಬ್ಬರ ಇರುತ್ತದೆ. ಪರೀಕ್ಷೆ ಮಾಡಿಸಿದರೆ ಎಲ್ಲಾ ನಾರ್ಮಲ್. ಮನೆಯವರು "ಏನೂ ಇಲ್ಲಲ್ಲ, ಸುಮ್ನೆ ಚಿಂತಿ ಮಾಡ್ತಾನ" ಅಂತ ಬಿಡುತ್ತಾರೆ. ಆದರೆ ನೋವು ನಿಜವಾದದ್ದು. ಕರುಳಿನ ನರಗಳು ಬೇರೆಯವರಿಗಿಂತ ಚುರುಕಾಗಿರುತ್ತವೆ. ಉಳಿದವರಿಗೆ ಗೊತ್ತೇ ಆಗದಷ್ಟು ಗ್ಯಾಸು ಇವರಿಗೆ ನೋವಾಗಿ ತಟ್ಟುತ್ತದೆ.

ಆ ಗ್ಯಾಸು ಬರುವುದು ಎಲ್ಲಿಂದ? ಬೇಳೆಕಾಳುಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ಮನುಷ್ಯರ ಸಣ್ಣ ಕರುಳಲ್ಲಿ ಇಲ್ಲ, ಯಾರಿಗೂ ಇಲ್ಲ. ಹಾಗಾಗಿ ಅವು ಹಾಗೇ ದೊಡ್ಡ ಕರುಳಿಗೆ ಹೋಗುತ್ತವೆ. ಅಲ್ಲಿರುವ ಬ್ಯಾಕ್ಟೀರಿಯಾ ಅವನ್ನು ತಿಂದು ಗ್ಯಾಸ್ ಬಿಡುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿ ಫ್ರಕ್ಟಾನ್ ಅನ್ನುವ ಇದೇ ಬಗೆಯ ಇನ್ನೊಂದು ಪದಾರ್ಥ ಇದೆ. ಹಾಲಿನಲ್ಲಿ ಲ್ಯಾಕ್ಟೋಸ್. ಮಾವು, ಕಲ್ಲಂಗಡಿಯಲ್ಲಿ ಫ್ರಕ್ಟೋಸ್. ಇವೆಲ್ಲವನ್ನೂ ಸೇರಿಸಿ 'ಫಾಡ್‌ಮ್ಯಾಪ್' ಅಂತ ಕರೆಯುತ್ತಾರೆ. 2005ರಲ್ಲಿ ಈ ಹೆಸರು ಕೊಟ್ಟವರು ಆಸ್ಟ್ರೇಲಿಯಾದ ಪೀಟರ್ ಗಿಬ್ಸನ್ ಮತ್ತು ಸೂ ಶೆಫರ್ಡ್. ಶೆಫರ್ಡ್ ಸ್ವತಃ ಡಯಟೀಷಿಯನ್. ಮುಂದೆ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯ ಒಂದೊಂದೇ ಆಹಾರವನ್ನು ಪರೀಕ್ಷಿಸಿ ಪಟ್ಟಿ ಮಾಡುತ್ತಾ ಬಂದಿದೆ.

ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದದ್ದು ಪ್ರಮಾಣ. ಬಕೆಟ್ಟಿಗೆ ಎರಡು ಮೂರು ನಳದಿಂದ ನೀರು ಬೀಳುತ್ತಿದ್ದರೆ ಯಾವ ನಳದಿಂದ ತುಂಬಿ ಚೆಲ್ಲಿತು ಅಂತ ಹೇಳಲಾಗದು. ಹಾಗೆಯೇ ಬೆಳಿಗ್ಗೆ ಹಾಲಿನ ಚಾ ಮತ್ತು ಟೋಸ್ಟ್, ಮಧ್ಯಾಹ್ನ ಈರುಳ್ಳಿ ಹಾಕಿದ ಬೇಳೆ, ಸಂಜೆ ಕಲ್ಲಂಗಡಿ ಎಲ್ಲಾ ಒಂದೇ ದಿನ ಸೇರಿದಾಗ ರಾತ್ರಿ ಹೊಟ್ಟೆ ಉಬ್ಬುತ್ತದೆ. ಬೈಗುಳ ಮಾತ್ರ ಬೇಳೆಗೆ.

ಬದನೆಕಾಯಿಯ ಕಥೆ ಇನ್ನೂ ಅನ್ಯಾಯದ್ದು. ಒಂದು ಊಟಕ್ಕೆ ತಿನ್ನುವಷ್ಟು ಬದನೆಯಲ್ಲಿ ಫಾಡ್‌ಮ್ಯಾಪ್ ಕಡಿಮೆ. ತೊಂದರೆ ಕೊಡುವುದು ಹೆಚ್ಚಾಗಿ ಎಣ್ಣೆಗಾಯಿಯ ಒಳಗೆ ತುಂಬಿದ ಈರುಳ್ಳಿ, ಬೆಳ್ಳುಳ್ಳಿ. ಶೇಂಗಾ ಕೂಡ ಒಂದು ಹಿಡಿಯಷ್ಟಾದರೆ ಹೆಚ್ಚಿನವರಿಗೆ ಒಗ್ಗುತ್ತದೆ, ಆದರೆ ಶೇಂಗಾ ಹಿಂಡಿಯಲ್ಲಿ ಬೆಳ್ಳುಳ್ಳಿ ಇರುತ್ತದೆ. ಜೋಳದ ರೊಟ್ಟಿಯೂ ಫಾಡ್‌ಮ್ಯಾಪ್ ಕಡಿಮೆ ಇರುವ ಊಟ. ಜನ ಬಿಟ್ಟದ್ದು ರೊಟ್ಟಿ ಮತ್ತು ಬದನೆ, ಹಗುರ ಅಂತ ಹಿಡಿದುಕೊಂಡದ್ದು ಬ್ರೆಡ್ಡು. ಬ್ರೆಡ್ಡಿನಲ್ಲಿ ಗೋಧಿಯ ಫ್ರಕ್ಟಾನ್ ಇದೆ. ನೋವು ಯಾಕೆ ಹೋಗಲಿಲ್ಲ ಅಂತ ಈಗ ಗೊತ್ತಾಯ್ತು ಅಲ್ವಾ?

ಆಹಾರ ತಜ್ಞರು ಇದನ್ನು ಮೂರು ಹಂತದಲ್ಲಿ ಮಾಡುತ್ತಾರೆ. ಮೊದಲು 2ರಿಂದ 6 ವಾರ ಫಾಡ್‌ಮ್ಯಾಪ್ ಜಾಸ್ತಿ ಇರುವುದನ್ನು ನಿಲ್ಲಿಸುತ್ತಾರೆ. ಸರಿಯಾಗಿ ಪಾಲಿಸಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಆರಾಮ ಅನಿಸುತ್ತದೆ. ಆಮೇಲೆ ಒಂದೊಂದೇ ಬಗೆಯನ್ನು ವಾಪಸ್ ಕೊಟ್ಟು ನೋಡುತ್ತಾರೆ. ಒಂದು ವಾರ ಬೇಳೆ, ಮೊದಲ ದಿನ ಸ್ವಲ್ಪ, ಮರುದಿನ ಇನ್ನಷ್ಟು. ಆಮೇಲೆ ಈರುಳ್ಳಿ. ಆಮೇಲೆ ಹಾಲು. ಯಾವುದು ಎಷ್ಟರವರೆಗೆ ಒಗ್ಗುತ್ತದೆ ಅಂತ ಬರೆದುಕೊಳ್ಳುತ್ತಾರೆ. ಮೂರನೆಯದು, ಆ ಬರಹದ ಮೇಲೆ ಆ ಮನುಷ್ಯನಿಗೇ ಹೊಂದುವ ಊಟ ಕಟ್ಟುವುದು.

ಇಂಟರ್‌ನೆಟ್ ನೋಡಿ ತಾವೇ ಮಾಡಿಕೊಳ್ಳುವವರು ಮೊದಲ ಹಂತದಲ್ಲೇ ನಿಂತುಬಿಡುತ್ತಾರೆ. ಸ್ವಲ್ಪ ಆರಾಮ ಸಿಕ್ಕಿತು, ಇನ್ನು ಜೀವನಪೂರ್ತಿ ಹೀಗೇ ಅಂದುಕೊಳ್ಳುತ್ತಾರೆ. ಇದು ಅಪಾಯ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವುದೂ ಇದೇ ಫಾಡ್‌ಮ್ಯಾಪ್. ತುಂಬಾ ದಿನ ನಿಲ್ಲಿಸಿದರೆ ಅವು ಕಡಿಮೆಯಾಗುತ್ತವೆ, ಕ್ಯಾಲ್ಸಿಯಂ ಮತ್ತು ನಾರಿನಂಶ ಕೊರತೆಯಾಗುತ್ತದೆ. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ ಈ ಊಟದ ಕ್ರಮವನ್ನು ಆಹಾರ ಚಿಕಿತ್ಸೆ ಬಲ್ಲ ತಜ್ಞರೇ ಹೇಳಿಕೊಡಬೇಕು ಅಂತ ಬರೆದಿರುವುದು ಇದಕ್ಕೇ.

ಅಡುಗೆಮನೆಯಲ್ಲಿ ಏನು ಬದಲಾಗುತ್ತದೆ? ಕೆಲವು ತುಂಬಾ ಸರಳ ಕೆಲಸಗಳಿವೆ. ಬೇಳೆಯ ಆ ಸಕ್ಕರೆಗಳು ನೀರಿನಲ್ಲಿ ಕರಗುತ್ತವೆ. ಬೇಳೆಯನ್ನು ಕೆಲವು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ ಅವು ಕಡಿಮೆಯಾಗುತ್ತವೆ. ತೊಗರಿಯನ್ನು ಪೂರ್ತಿ ಬಿಡುವ ಬದಲು ಕೆಲವು ದಿನ ಹೆಸರುಬೇಳೆ ಮಾಡಬಹುದು, ಅಥವಾ ತೊಗರಿಯನ್ನೇ ಒಂದು ಬಟ್ಟಲಿನ ಬದಲು ಕಾಲು ಬಟ್ಟಲು ತಿನ್ನಬಹುದು. ನನಗೆ ತುಂಬಾ ಇಷ್ಟವಾದ ಉಪಾಯ ಒಗ್ಗರಣೆಯದ್ದು. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಬೆಳ್ಳುಳ್ಳಿ ಎಸಳನ್ನು ಎಣ್ಣೆಯಲ್ಲಿ ಹುರಿದು, ಎಸಳನ್ನು ತೆಗೆದುಹಾಕಿ, ಆ ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟರೆ ವಾಸನೆ, ರುಚಿ ಎರಡೂ ಬರುತ್ತವೆ, ಹೊಟ್ಟೆ ಉಬ್ಬುವುದಿಲ್ಲ. ಆ ಎಣ್ಣೆಯನ್ನು ಆಯಾ ಊಟಕ್ಕೆ ಮಾಡಿಕೊಳ್ಳಿ. ಹೊರಗೆ ದಿನಗಟ್ಟಲೆ ಇಟ್ಟರೆ ಅದರಲ್ಲಿ ವಿಷಕಾರಿ ಬ್ಯಾಕ್ಟೀರಿಯಾ ಬೆಳೆಯಬಹುದು.

ಖಾರದ ಲೆಕ್ಕ ಬೇರೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕರುಳಿನ ನೋವಿನ ನರಗಳನ್ನೇ ಕೆಣಕುತ್ತದೆ. ಗ್ಯಾಸಿಗೂ ಅದಕ್ಕೂ ಸಂಬಂಧವಿಲ್ಲ. ಐಬಿಎಸ್ ಇದ್ದವರಿಗೆ ಖಾರ ಕಡಿಮೆ ಮಾಡುವುದರಿಂದ ಅನುಕೂಲ ಆಗಬಹುದು. ಆದರೆ ಖಾರ ಬಿಟ್ಟರೂ ಉಬ್ಬರ ಹೋಗದಿದ್ದರೆ ಆಶ್ಚರ್ಯವೇನಿಲ್ಲ. ಮಲಬದ್ಧತೆ ಜಾಸ್ತಿ ಇದ್ದವರಿಗೆ ಇಸಬಗೋಲ್ ಒಳ್ಳೆಯದು, ಸಾಕಷ್ಟು ನೀರಿನ ಜೊತೆ. ಗೋಧಿ ತೌಡು ಅದೇ ಕೆಲಸ ಮಾಡುವುದಿಲ್ಲ, ಕೆಲವರಿಗೆ ಉಬ್ಬರ ಹೆಚ್ಚಿಸುತ್ತದೆ.

ಗೋಧಿ ಒಗ್ಗದವರಿಗೆ ಜೋಳದ ನಾಡು

ಸೀಲಿಯಾಕ್ ಕಾಯಿಲೆ ಐಬಿಎಸ್‌ನಂತಲ್ಲ. ಇದರಲ್ಲಿ ಗೋಧಿ, ಬಾರ್ಲಿ, ರೈ ಧಾನ್ಯಗಳ ಗ್ಲೂಟನ್ ಅನ್ನುವ ಪ್ರೋಟೀನು ಹೊಟ್ಟೆಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆ ಸಣ್ಣ ಕರುಳಿನ ಒಳಪದರವನ್ನೇ ಹಾಳು ಮಾಡುತ್ತದೆ. ತಿಂದದ್ದು ರಕ್ತಕ್ಕೆ ಸೇರುವುದಿಲ್ಲ. ಮಕ್ಕಳು ಎತ್ತರ ಬೆಳೆಯುವುದಿಲ್ಲ. ಕಬ್ಬಿಣದ ಮಾತ್ರೆ ಎಷ್ಟು ಕೊಟ್ಟರೂ ರಕ್ತಹೀನತೆ ಸರಿಯಾಗುವುದಿಲ್ಲ. ಕೆಲವರಿಗೆ ಭೇದಿಯೇ ಇರುವುದಿಲ್ಲ. ಉತ್ತರ ಭಾರತದಲ್ಲಿ ಸುಮಾರು ನೂರರಲ್ಲಿ ಒಬ್ಬರಿಗೆ ಇದೆ. ದಕ್ಷಿಣದಲ್ಲಿ ತುಂಬಾ ಕಡಿಮೆ. ಕಡಿಮೆ ಇರುವುದರಿಂದಲೇ ನಮ್ಮ ಕಡೆ ಇದು ಬೇಗ ಯಾರ ಮನಸ್ಸಿಗೂ ಹೊಳೆಯುವುದಿಲ್ಲ.

ಇದಕ್ಕೆ ಸದ್ಯ ಊಟವೇ ಚಿಕಿತ್ಸೆ. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಬ್ರೆಡ್ಡು ಸಿಗದೆ ಜನ ಹಸಿವಿನಿಂದ ಸತ್ತರು. ಆಗ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಚೇತರಿಸಿಕೊಂಡದ್ದನ್ನು ವಿಲ್ಲೆಮ್ ಡಿಕೆ ಅನ್ನುವ ಮಕ್ಕಳ ವೈದ್ಯರು ಗಮನಿಸಿದರು. ಗೋಧಿಯ ಮೇಲೆ ಅವರಿಗೆ ಮೊದಲೇ ಇದ್ದ ಅನುಮಾನ ಇದರಿಂದ ಗಟ್ಟಿಯಾಯಿತು.

ಪರೀಕ್ಷೆಗೆ ಹೋಗುವ ಮುಂಚೆ ಗೋಧಿ ಬಿಡಬೇಡಿ. ರಕ್ತ ಪರೀಕ್ಷೆ, ಕರುಳಿನ ಬಯಾಪ್ಸಿ (ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆ) ಎರಡೂ ಗೋಧಿ ತಿನ್ನುತ್ತಿರುವಾಗಲೇ ಸರಿ ಉತ್ತರ ಕೊಡುತ್ತವೆ. ಮೊದಲೇ ಬಿಟ್ಟರೆ ರಿಪೋರ್ಟು ನಾರ್ಮಲ್ ಬಂದು ರೋಗ ಮುಚ್ಚಿಹೋಗಬಹುದು.

ರೋಗ ಖಚಿತವಾದ ಮೇಲೆ ದೆಹಲಿಯ ಮಗುವಿಗಿಂತ ಕಲಬುರಗಿ, ಬೀದರ್, ಯಾದಗಿರಿಯ ಮಗುವಿನ ದಾರಿ ಸುಲಭ. ಜೋಳ, ಸಜ್ಜೆ, ನವಣೆ, ಅಕ್ಕಿ ಯಾವುದರಲ್ಲೂ ಗ್ಲೂಟನ್ ಇಲ್ಲ. ಎಳ್ಳಮಾವಾಸ್ಯೆಯ ಸಜ್ಜೆ ರೊಟ್ಟಿ, ಭಜ್ಜಿ ಎಲ್ಲಾ ತಿನ್ನಬಹುದು. ಬಿಡಬೇಕಾದದ್ದು ಚಪಾತಿ, ಗೋಧಿ ಹುಗ್ಗಿ, ಸಜ್ಜಕ, ಹೋಳಿಗೆಯ ಕಣಕ, ಬಿಸ್ಕಿಟ್ಟು, ಶಾವಿಗೆ.

ಆದರೆ ಡಯಟೀಷಿಯನ್ ಇಲ್ಲಿಗೆ ನಿಲ್ಲಿಸುವುದಿಲ್ಲ. ಅವರ ಮುಂದಿನ ಪ್ರಶ್ನೆ: "ಜೋಳ ಎಲ್ಲಿ ಬೀಸಿಸುತ್ತೀರಿ?" ಓಣಿಯ ಗಿರಣಿಯಲ್ಲಿ ನಿಮಗಿಂತ ಮುಂಚೆ ಯಾರೋ ಗೋಧಿ ಬೀಸಿಸಿರುತ್ತಾರೆ. ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ನಿಮ್ಮ ಜೋಳದ ಹಿಟ್ಟಿಗೆ ಬರುತ್ತದೆ. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಕಡಿಮೆ ಗ್ಲೂಟನ್ ಇದ್ದರೆ ಮಾತ್ರ ಅದನ್ನು ಗ್ಲೂಟನ್ ಇಲ್ಲದ್ದು ಅಂತ ಮಾರಲು ನಮ್ಮ ಆಹಾರ ಕಾನೂನು ಬಿಡುತ್ತದೆ. ಒಂದು ಚಿಟಿಕೆ ಗೋಧಿ ಹಿಟ್ಟು ಸಾಕು ಆ ಮಿತಿ ದಾಟಲು. ಹಾಗಾಗಿ ಮನೆಯಲ್ಲೇ ಸಣ್ಣ ಗಿರಣಿ, ಅಥವಾ ಬರೀ ಜೋಳ ಬೀಸುವ ಗಿರಣಿ ಹುಡುಕಬೇಕು. ಬೇರೆ ತವಾ, ಹಿಟ್ಟು ನಾದಲು ಬೇರೆ ಕೊಮ್ಮಣಿಗೆ ಬೇಕು. ಹೋಟೆಲಿನಲ್ಲಿ ರೊಟ್ಟಿಗೆ ಗೋಧಿ ಹಿಟ್ಟು ಬೆರೆಸುವುದುಂಟು, ಕೇಳಿಯೇ ತಿನ್ನಬೇಕು.

ಇನ್ನೊಂದು ಯಾರೂ ಊಹಿಸದ ಪದಾರ್ಥ ಇಂಗು. ಅಂಗಡಿಯಲ್ಲಿ ಸಿಗುವ ಡಬ್ಬಿಯ ಇಂಗು ಶುದ್ಧ ಇಂಗಲ್ಲ. ಅದನ್ನು ಹಿಟ್ಟು, ಗೋಂದಿನ ಜೊತೆ ಬೆರೆಸಿರುತ್ತಾರೆ. ಆ ಹಿಟ್ಟು ಎಷ್ಟೋ ಸಲ ಗೋಧಿಯದ್ದು ಅಥವಾ ಮೈದಾ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಲೇಬಲ್ ಓದಿ ತೆಗೆದುಕೊಳ್ಳುವುದನ್ನು ತಾಯಿಗೆ ಕಲಿಸುವುದು ಈ ಚಿಕಿತ್ಸೆಯ ಭಾಗವೇ.

ಹಾಲು ಮತ್ತು ಎದೆಯುರಿ

ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಕಿಣ್ವ ದೊಡ್ಡವರಾದಂತೆ ನಮ್ಮಲ್ಲಿ ತುಂಬಾ ಜನರಿಗೆ ಕಡಿಮೆಯಾಗುತ್ತದೆ. ಇದು ರೋಗ ಅಲ್ಲ. ಲೋಟ ತುಂಬಾ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವವರಿಗೂ ಚಾದ ಹಾಲು, ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ. ಮೊಸರಿನ ಬ್ಯಾಕ್ಟೀರಿಯಾ ಅರ್ಧ ಕೆಲಸ ಮೊದಲೇ ಮಾಡಿರುತ್ತವೆ. ಪೂರ್ತಿ ಬಿಟ್ಟರೆ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆ ಏಳುತ್ತದೆ.

ಎದೆಯುರಿ ಇದ್ದವರಿಗೆ ಏನು ತಿಂದಿರಿ ಅನ್ನುವಷ್ಟೇ ಯಾವಾಗ ತಿಂದಿರಿ ಅನ್ನುವುದೂ ಮುಖ್ಯ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟಿದಾಗ ಸೆಕೆ ಇಳಿಯಲಿ ಅಂತ ರಾತ್ರಿ ತಡವಾಗಿ ಉಂಡು, ತಕ್ಷಣ ಮಾಳಿಗೆ ಮೇಲೆ ಹೋಗಿ ಮಲಗುತ್ತೇವೆ. ತುಂಬಿದ ಹೊಟ್ಟೆಯ ಆಮ್ಲ ಮಲಗಿದಾಗ ಸುಲಭವಾಗಿ ಮೇಲೆ ಬರುತ್ತದೆ. ಊಟಕ್ಕೂ ನಿದ್ದೆಗೂ 2-3 ಗಂಟೆ ಬಿಡಿ. ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು 15-20 ಸೆಂಟಿಮೀಟರ್ ಎತ್ತರಿಸಿ. ಬರೀ ದಿಂಬು ಎತ್ತರ ಮಾಡಿದರೆ ಕುತ್ತಿಗೆ ಬಾಗುತ್ತದೆ ಅಷ್ಟೇ. ಎಡಗಡೆ ಮಗ್ಗುಲಾಗಿ ಮಲಗಿ. ಹೊಟ್ಟೆಯ ಬೊಜ್ಜು ಇದ್ದರೆ ಸ್ವಲ್ಪ ತೂಕ ಇಳಿಸಿದರೂ ವ್ಯತ್ಯಾಸ ಕಾಣುತ್ತದೆ. ಸಂಜೆಯ ಮಿರ್ಚಿ ಬಜ್ಜಿಯನ್ನು ಶಾಶ್ವತವಾಗಿ ಬಿಡಿ ಅಂತ ಯಾರೂ ಹೇಳಬೇಕಿಲ್ಲ. ಖಾಲಿ ಹೊಟ್ಟೆಗೆ ನಾಲ್ಕು ತಿನ್ನುವುದನ್ನು ಬಿಟ್ಟರೆ ಸಾಕು.

ಪಥ್ಯವೇ ಪೆಟ್ಟು ಕೊಡುವ ಕಡೆ

ಲಿವರ್ ಮತ್ತು ಮೇದೋಜೀರಕ ಗ್ರಂಥಿಯ ಕಾಯಿಲೆಗಳಲ್ಲಿ ಹಳೆಯ ಪಥ್ಯ ಮಾಡುವ ಹಾನಿ ನೋಡಿದರೆ ಸಂಕಟವಾಗುತ್ತದೆ. ಆಹಾರ ತಜ್ಞರು ಅತಿ ಹೆಚ್ಚು ಬೇಕಾಗುವುದು ಇಲ್ಲಿ ಅಂತ ನನ್ನ ಅಭಿಪ್ರಾಯ.

ಲಿವರ್ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆ) ಇದ್ದವರಿಗೆ ಪ್ರೋಟೀನ್ ಕೊಡಬಾರದು, ಬೇಳೆ, ಮೊಟ್ಟೆ ತಲೆಗೆ ಏರುತ್ತದೆ ಅನ್ನುವ ಮಾತು ಇನ್ನೂ ಇದೆ. ವೈದ್ಯಶಾಸ್ತ್ರ ಈ ಮಾತನ್ನು ಕೈಬಿಟ್ಟು ವರ್ಷಗಳಾದವು. ಈಗಿನ ಮಾರ್ಗಸೂಚಿ ಪ್ರಕಾರ ಇವರಿಗೆ ದೇಹದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದವರಿಗೆ 72ರಿಂದ 90 ಗ್ರಾಂ. ಆರೋಗ್ಯವಂತರಿಗಿಂತ ಜಾಸ್ತಿ! ಲಿವರ್ ಸೋತಾಗ ರಕ್ತದಲ್ಲಿನ ಅಮೋನಿಯಾ ಅನ್ನುವ ವಿಷವನ್ನು ತೆಗೆಯಲು ಸ್ನಾಯುಗಳು ನೆರವಾಗುತ್ತವೆ. ಪ್ರೋಟೀನ್ ನಿಲ್ಲಿಸಿದರೆ ಸ್ನಾಯು ಕರಗಿ ಆ ನೆರವೂ ಹೋಗುತ್ತದೆ. ಬೇಳೆಕಾಳು ಮತ್ತು ಹಾಲು ಮೊಸರಿನ ಪ್ರೋಟೀನು ಇಂಥವರಿಗೆ ಚೆನ್ನಾಗಿ ಒಗ್ಗುತ್ತದೆ. 100 ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಬಿಡಿಸಿದ ಬ್ಯಾಳಿಯೇ ಇಲ್ಲಿ ಔಷಧಿಯ ಸಮ.

ಇನ್ನೊಂದು, ಇವರು ರಾತ್ರಿ ಹೊಟ್ಟೆ ಹಸಿದುಕೊಂಡು ಮಲಗಬಾರದು. ಸಿರೋಸಿಸ್ ಇದ್ದವರ ಒಂದು ರಾತ್ರಿಯ ಉಪವಾಸ ಆರೋಗ್ಯವಂತರ ಎರಡು ಮೂರು ದಿನದ ಉಪವಾಸಕ್ಕೆ ಸಮ. ಲಿವರಿನಲ್ಲಿ ಸಕ್ಕರೆಯ ದಾಸ್ತಾನು ಇರುವುದಿಲ್ಲವಲ್ಲ, ದೇಹ ಸ್ನಾಯುವನ್ನೇ ಸುಡುತ್ತದೆ. ಹಾಗಾಗಿ ಮಲಗುವ ಮುಂಚೆ ಒಂದು ಬಟ್ಟಲು ಗಂಜಿ, ಅಥವಾ ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನಲು ಹೇಳುತ್ತಾರೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಮಾತ್ರ ಉಪ್ಪು ಕಡಿಮೆ ಮಾಡಬೇಕು, ದಿನಕ್ಕೆ ಒಂದು ಟೀ ಚಮಚ ಅಂದರೆ ಸುಮಾರು 5 ಗ್ರಾಂ ಒಳಗೆ. ಉಪ್ಪಿನಕಾಯಿ, ಹಪ್ಪಳ, ಹಿಂಡಿಯ ಉಪ್ಪು ಸೇರಿ ಇದು. 'ಸೋಡಿಯಂ ಕಡಿಮೆ' ಅಂತ ಮಾರುವ ಉಪ್ಪನ್ನು ತಾವಾಗಿ ಬಳಸಬಾರದು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ನೀರಿಳಿಸಲು ಕೊಡುವ ಕೆಲವು ಮಾತ್ರೆಗಳ ಜೊತೆ ಸೇರಿದರೆ ಹೃದಯಕ್ಕೆ ಅಪಾಯ.

ಕಾಮಣಿ ಬಂದವರಿಗೆ ಎಣ್ಣೆ, ಉಪ್ಪು, ಅರಿಶಿನ ಎಲ್ಲಾ ನಿಲ್ಲಿಸಿ ವಾರಗಟ್ಟಲೆ ಬರೀ ಅನ್ನ, ಕಬ್ಬಿನ ಹಾಲು ಕೊಡುತ್ತಾರೆ. ನೀರಿನಿಂದ ಬರುವ ಸಾಮಾನ್ಯ ಕಾಮಣಿಗೆ ಇಂಥ ಪಥ್ಯ ಬೇಕಿಲ್ಲ. ಹಸಿವಾದಷ್ಟು ಮನೆಯ ಮಾಮೂಲಿ ಊಟ ಮಾಡಬಹುದು. ಏನು ಬೆರೆಸಿದ್ದಾರೆ ಅಂತ ಗೊತ್ತಿಲ್ಲದ ನಾಟಿ ಔಷಧಿ ಮಾತ್ರ ಬೇಡ. ಸೋತ ಲಿವರಿಗೆ ಅದು ಇನ್ನೊಂದು ಪೆಟ್ಟಾಗಬಹುದು.

ಮೇದೋಜೀರಕ ಗ್ರಂಥಿ ಬಹುಕಾಲದಿಂದ ಊದಿಕೊಂಡು ಹಾಳಾಗಿದ್ದರೆ ಕೊಬ್ಬು ಒಡೆಯುವ ಕಿಣ್ವ ಬರುವುದಿಲ್ಲ. ಮಲ ಜಿಡ್ಡಾಗಿ, ನೀರಿನ ಮೇಲೆ ತೇಲುತ್ತದೆ. ತುಪ್ಪ, ಎಣ್ಣೆ ಎಲ್ಲಾ ಬಿಡಿಸಿದರೆ ರೋಗಿ ಸೊರಗುತ್ತಾನೆ. ಈಗಿನ ದಾರಿ ಬೇರೆ: ಕಿಣ್ವದ ಕ್ಯಾಪ್ಸೂಲ್ ಕೊಟ್ಟು, ಮಾಮೂಲಿ ಕೊಬ್ಬಿನ ಊಟ ಕೊಡುವುದು. ಇಲ್ಲೊಂದು ಸಣ್ಣ ವಿವರ ಇಡೀ ಚಿಕಿತ್ಸೆಯನ್ನು ಕೆಡಿಸುತ್ತದೆ. ಕ್ಯಾಪ್ಸೂಲನ್ನು ಊಟದ ಜೊತೆ, ಮೊದಲ ತುತ್ತಿನಿಂದ ನಡುವಿನೊಳಗೆ ನುಂಗಬೇಕು. ಊಟಕ್ಕೆ ಗಂಟೆ ಮುಂಚೆ ಅಥವಾ ಆದ ಮೇಲೆ ನುಂಗಿದರೆ ದುಡ್ಡು ವ್ಯರ್ಥ. ಕುಡಿತ, ತಂಬಾಕು ಪೂರ್ತಿ ನಿಲ್ಲಬೇಕು, ಅದರಲ್ಲಿ ರಾಜಿ ಇಲ್ಲ.

ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಥರದ ಕರುಳಿನ ಉರಿಯೂತಗಳಲ್ಲಿ ಊಟ ಔಷಧಿಗೆ ಬದಲಿ ಅಲ್ಲ, ಜೊತೆಗಾರ. ರೋಗ ಕೆರಳಿದಾಗ ಸ್ವಲ್ಪ ದಿನ ಸಿಪ್ಪೆ, ಬೀಜ, ಗಟ್ಟಿ ನಾರು ಕಡಿಮೆ. ಶಾಂತವಾದ ಮೇಲೆ ಮಾಮೂಲಿ ಊಟ. ಕರುಳು ಕಿರಿದಾಗಿದ್ದರೆ ಮಾತ್ರ ಆ ಎಚ್ಚರ ಮುಂದುವರಿಯಬೇಕು. ಸಣ್ಣ ಕರುಳಿನ ಕೊನೆಯ ಭಾಗ ಕತ್ತರಿಸಿದವರಿಗೆ ಬಿ12 ಇಂಜೆಕ್ಷನ್ ಬೇಕಾಗುತ್ತದೆ. ಕ್ರೋನ್ಸ್ ಇರುವ ಮಕ್ಕಳಿಗೆ 6ರಿಂದ 8 ವಾರ ವಿಶೇಷ ದ್ರವ ಆಹಾರವನ್ನೇ ಕೊಟ್ಟು ರೋಗ ಇಳಿಸುವುದುಂಟು, ಅಲ್ಲಿ ಡಯಟೀಷಿಯನ್ನೇ ಮುಂದೆ ನಿಲ್ಲುತ್ತಾರೆ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್ ಥರವೇ ಕಾಣಿಸುತ್ತದೆ. ಅದನ್ನು ವೈದ್ಯರು ಬೇರೆ ಮಾಡಿ ನೋಡಬೇಕು.

ಉಪವಾಸ ಬಂದಾಗ

ಶ್ರಾವಣ ಸೋಮವಾರ, ರಂಜಾನ್ ರೋಜಾ ಎರಡೂ ನಮ್ಮ ಊರಿನ ಬದುಕು. ಬೇಡ ಅಂತ ಒಂದೇ ಮಾತಿನಲ್ಲಿ ಹೇಳಿದರೆ ರೋಗಿ ಮುಂದಿನ ಸಲ ಸುಳ್ಳು ಹೇಳುತ್ತಾರೆ. ಸಿರೋಸಿಸ್, ಈಗಷ್ಟೇ ರಕ್ತ ಸೋರಿದ ಅಲ್ಸರ್ ಇದ್ದವರಿಗೆ ಉಪವಾಸ ಬೇಡ ಅಂತಲೇ ಹೇಳಬೇಕಾಗುತ್ತದೆ. ಉಳಿದವರಿಗೆ ದಾರಿ ಹುಡುಕಬಹುದು. ಸಹರಿಯಲ್ಲಿ ಬೇಗ ಕರಗದ ಊಟ, ಇಫ್ತಾರಿನಲ್ಲಿ ಕರಿದದ್ದಕ್ಕಿಂತ ಮೊದಲು ನೀರು, ಖರ್ಜೂರ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಊಟ. ಖರ್ಜೂರವೂ ಐಬಿಎಸ್ ಇದ್ದವರಿಗೆ ಎಣಿಸಿ ತಿನ್ನುವ ಪದಾರ್ಥ. ಮಾತ್ರೆಯ ಹೊತ್ತನ್ನು ವೈದ್ಯರ ಜೊತೆ ಮಾತಾಡಿ ಹೊಂದಿಸುತ್ತಾರೆ.

ಮೊದಲು ವೈದ್ಯರ ಹತ್ತಿರ ಹೋಗಬೇಕಾದವರು

ಮಲದಲ್ಲಿ ರಕ್ತ ಅಥವಾ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ನಿಲ್ಲದ ವಾಂತಿ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ರಕ್ತಹೀನತೆ, ಬಿಡದ ಜ್ವರ, 45-50 ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆಯ ತೊಂದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್. ಇವುಗಳಲ್ಲಿ ಒಂದಿದ್ದರೂ ಊಟ ಬದಲಿಸುತ್ತಾ ಕಾಲ ಕಳೆಯಬೇಡಿ. ಒಳ್ಳೆಯ ಡಯಟೀಷಿಯನ್ ಕೂಡ ನಿಮ್ಮನ್ನು ವೈದ್ಯರ ಹತ್ತಿರ ವಾಪಸ್ ಕಳಿಸುತ್ತಾರೆ.

ರಕ್ತದ ಒಂದು ಸ್ಯಾಂಪಲ್ಲಿನಿಂದ ನೂರಾರು ಆಹಾರದಲ್ಲಿ ಯಾವುದು ನಿಮಗೆ ಒಗ್ಗದು ಅಂತ ಹೇಳುತ್ತೇವೆ ಅನ್ನುವ ದುಬಾರಿ 'ಐಜಿಜಿ' ಪರೀಕ್ಷೆಗೆ ದುಡ್ಡು ಹಾಕಬೇಡಿ. ಅದು ತೋರಿಸುವುದು ನೀವು ಆ ಆಹಾರ ತಿಂದಿದ್ದೀರಿ ಅನ್ನುವುದನ್ನಷ್ಟೇ. ಅಲರ್ಜಿ ತಜ್ಞರ ಸಂಘಗಳು ಇದನ್ನು ಮಾಡಿಸಬೇಡಿ ಅಂತ ಹೇಳಿವೆ.

ಹೋಗುವಾಗ ಏನು ಒಯ್ಯಬೇಕು? ಒಂದು ವಾರ ತಿಂದದ್ದು, ಕುಡಿದದ್ದು, ಹೊತ್ತು, ನೋವು, ಮಲದ ಬಗೆ ಇಷ್ಟನ್ನೂ ಬರೆದ ಹಾಳೆ. ಬರೆಯಲು ಬರದವರು ತಟ್ಟೆಯ ಫೋಟೋ ತೆಗೆದರೂ ಆಯಿತು. ನುಂಗುತ್ತಿರುವ ಎಲ್ಲಾ ಮಾತ್ರೆ, ಚೂರ್ಣಗಳ ಚೀಟಿ. ಹಳೆಯ ರಿಪೋರ್ಟುಗಳು. ಮನೆಯಲ್ಲಿ ಅಡುಗೆ ಮಾಡುವವರು ಯಾರೋ ಅವರನ್ನು ಕರೆದೊಯ್ಯಿರಿ. ಗಂಡ ಒಬ್ಬನೇ ಹೋಗಿ ಚೀಟಿ ತಂದು ಹೆಂಡತಿ ಕೈಗೆ ಕೊಟ್ಟರೆ ಅರ್ಧ ಮಾತು ದಾರಿಯಲ್ಲೇ ಹೋಗಿರುತ್ತದೆ. ಜೋಳ ಕಡಿಮೆ ಇದೆ, ಹಣ್ಣು ಕೊಳ್ಳಲು ಆಗುವುದಿಲ್ಲ, ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗಬೇಕು ಅನ್ನುವಂಥದ್ದನ್ನು ಮುಚ್ಚಿಡಬೇಡಿ. ಅದರ ಮೇಲೆಯೇ ಅವರು ಪಟ್ಟಿ ಮಾಡಬೇಕು. ಪಟ್ಟಿಯಲ್ಲಿ ಓಟ್ಸ್, ಬ್ರೊಕೋಲಿ ಮಾತ್ರ ಕಂಡರೆ "ನಮ್ಮನ್ಯಾಗ ಇದು ಆಗಲ್ರಿ ಮೇಡಂ, ರೊಟ್ಟಿ ಪಲ್ಯದಾಗೇ ಹೇಳ್ರಿ" ಅಂತ ಕೇಳುವ ಹಕ್ಕು ನಿಮಗಿದೆ.

ಎರಡನೇ ಭೇಟಿ ತಪ್ಪಿಸಬೇಡಿ. ಬಿಟ್ಟದ್ದನ್ನು ವಾಪಸ್ ತರುವ ಕೆಲಸ ಶುರುವಾಗುವುದೇ ಆಗ. ಆಳಂದ, ಜೇವರ್ಗಿ, ಸೇಡಂ, ಶಹಾಪುರದಿಂದ ಬಸ್ಸು ಹಿಡಿದು ಬರುವವರು ನಡುವಿನ ಮಾತುಗಳು ಫೋನಿನಲ್ಲಿ ಆಗುತ್ತವಾ ಅಂತ ಮೊದಲ ದಿನವೇ ಕೇಳಿಕೊಳ್ಳಿ.